ಎಷ್ಟು ವಾರಕ್ಕೆ ಹುಟ್ಟಿತು, ಹುಟ್ಟಿ ಎಷ್ಟು ಹೊತ್ತಾಯ್ತು: ಹಸುಗೂಸಿನ ಥೈರಾಯ್ಡ್ ರಿಪೋರ್ಟ್ ಓದುವ ಬಗೆ

ಎರಡು ಮಕ್ಕಳ ರಿಪೋರ್ಟನ್ನು ಪಕ್ಕಪಕ್ಕ ಇಟ್ಟು ನೋಡೋಣ. ಒಂದು ಮಗು ದಿನ ತುಂಬಿ, 39 ವಾರಕ್ಕೆ ಹುಟ್ಟಿದ್ದು. ಹುಟ್ಟಿ ಆರು ಗಂಟೆಗೆ ರಕ್ತ ತೆಗೆದಿದ್ದಾರೆ. ಥೈರಾಯ್ಡ್‌ಗೆ ಕೆಲಸ ಹೇಳುವ ಹಾರ್ಮೋನಾದ ಟಿಎಸ್‌ಎಚ್ 40 ಬಂದಿದೆ. ಇನ್ನೊಂದು ಮಗು 27 ವಾರಕ್ಕೇ ಹುಟ್ಟಿ ಎನ್‌ಐಸಿಯುನಲ್ಲಿ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ ಇದೆ. ಮೂರನೇ ದಿನದ ರಕ್ತದಲ್ಲಿ ಅದರ ಟಿಎಸ್‌ಎಚ್ 4. ಮೊದಲನೆಯ ಮಗುವಿನ ಮನೆಯವರಿಗೆ ಕೈಕಾಲು ಆಡುತ್ತಿಲ್ಲ. ಎರಡನೆಯ ಮಗುವಿನ ಮನೆಯವರು, ಇಷ್ಟೆಲ್ಲ ಕಷ್ಟದ ನಡುವೆ ಇದೊಂದಾದರೂ ಸರಿ ಇದೆಯಲ್ಲ ಅಂತ ಉಸಿರು ಬಿಟ್ಟಿದ್ದಾರೆ.

ನಿಜ ಏನೆಂದರೆ, ಮೊದಲನೆಯ ಮಗುವಿನ 40 ಆ ಹೊತ್ತಿಗೆ ಸಹಜವಾಗಿ ಬರುವ ಸಂಖ್ಯೆ. ಎರಡನೆಯ ಮಗುವಿನ 4 ನೋಡಿ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಹಸುಗೂಸಿನ ಥೈರಾಯ್ಡ್ ಸಂಖ್ಯೆಗೆ ತನ್ನಷ್ಟಕ್ಕೆ ತಾನೇ ಅರ್ಥ ಇರೋದಿಲ್ಲ. ಮಗು ಎಷ್ಟು ವಾರಕ್ಕೆ ಹುಟ್ಟಿತು, ರಕ್ತ ತೆಗೆದಾಗ ಹುಟ್ಟಿ ಎಷ್ಟು ಗಂಟೆ ಅಥವಾ ದಿನ ಆಗಿತ್ತು, ಈ ಎರಡೂ ಗೊತ್ತಾದ ಮೇಲೆ ಮಾತ್ರ ಅದು ಮಾತಾಡೋಕೆ ಶುರು ಮಾಡುತ್ತೆ. ಯಾಕೆ ಹೀಗೆ ಅಂತ ಅರ್ಥ ಆಗಬೇಕಾದರೆ ಗರ್ಭದೊಳಗಿನ ಕಥೆಯಿಂದಲೇ ಬರಬೇಕು.

ಅದಕ್ಕೂ ಮುಂಚೆ ಎರಡು ಮಾತಲ್ಲಿ ಹಾರ್ಮೋನುಗಳ ಪರಿಚಯ. ಥೈರಾಯ್ಡ್ ಅಂದರೆ ಕುತ್ತಿಗೆಯ ಮುಂದೆ, ಉಸಿರ್ನಾಳಕ್ಕೆ ಒರಗಿಕೊಂಡಿರುವ ಚಿಟ್ಟೆಯಾಕಾರದ ಸಣ್ಣ ಗ್ರಂಥಿ. ಅದು ರಕ್ತದಲ್ಲಿರುವ ಅಯೋಡಿನ್ ಹೀರಿಕೊಂಡು ಟಿ4 ಮತ್ತು ಟಿ3 ಅನ್ನುವ ಹಾರ್ಮೋನು ಮಾಡುತ್ತೆ. ಹೆಸರಿನಲ್ಲಿರುವ 4, 3 ಅಂದರೆ ಪ್ರತಿ ಅಣುವಿನಲ್ಲಿ ಇರುವ ಅಯೋಡಿನ್ ಪರಮಾಣುಗಳ ಎಣಿಕೆ. ಟಿ4 ಒಂಥರಾ ದಾಸ್ತಾನು. ಜೀವಕೋಶದ ಒಳಗೆ ನಿಜವಾಗಿ ಕೆಲಸ ಮಾಡೋದು ಟಿ3. ಬೇಕಾದ ಕಡೆ ದೇಹ ಟಿ4ನಿಂದ ಒಂದು ಅಯೋಡಿನ್ ಕಳಚಿ ಟಿ3 ಮಾಡಿಕೊಳ್ಳುತ್ತೆ. ಟಿಎಸ್‌ಎಚ್ ಬರೋದು ಥೈರಾಯ್ಡ್‌ನಿಂದ ಅಲ್ಲ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿಯಿಂದ. ಅದು ಥೈರಾಯ್ಡ್‌ಗೆ ಹೋಗುವ ಬೇಡಿಕೆ ಪತ್ರ. ಹಾರ್ಮೋನು ಕಡಿಮೆಯಾದರೆ ಪಿಟ್ಯುಟರಿ ಜಾಸ್ತಿ ಟಿಎಸ್‌ಎಚ್ ಕಳಿಸುತ್ತೆ, ಸಾಕಾದರೆ ಕಡಿಮೆ ಮಾಡುತ್ತೆ. ದೊಡ್ಡವರಲ್ಲಿ ಈ ಕೊಡುಕೊಳ್ಳುವಿಕೆ ಎಷ್ಟು ನಂಬಿಕಸ್ಥ ಅಂದರೆ ಟಿಎಸ್‌ಎಚ್ ಒಂದನ್ನೇ ನೋಡಿ ಥೈರಾಯ್ಡ್ ಹೇಗಿದೆ ಅಂತ ಬಹುಪಾಲು ಹೇಳಿಬಿಡಬಹುದು. ಬೇಗ ಹುಟ್ಟಿದ ಮಗುವಿನಲ್ಲಿ ಈ ನಂಬಿಕೆಯೇ ಕೈಕೊಡೋದು.

ಈಗ ಗರ್ಭದೊಳಗೆ ಬರೋಣ.

ಭ್ರೂಣದಲ್ಲಿ ಥೈರಾಯ್ಡ್ ಮೊದಲು ಮೊಳೆಯೋದು ಕುತ್ತಿಗೆಯಲ್ಲಿ ಅಲ್ಲ, ನಾಲಿಗೆಯ ಬುಡದಲ್ಲಿ. ಅಲ್ಲಿಂದ ಮೆಲ್ಲಗೆ ಕೆಳಗಿಳಿದು, ಸುಮಾರು 7ನೇ ವಾರದ ಹೊತ್ತಿಗೆ ಕುತ್ತಿಗೆಯ ತನ್ನ ಜಾಗಕ್ಕೆ ಬಂದು ಸೇರುತ್ತೆ. ಕೆಲವು ಮಕ್ಕಳಲ್ಲಿ ಈ ಪ್ರಯಾಣ ದಾರಿ ಮಧ್ಯೆ ನಿಂತುಹೋಗಿ ಗ್ರಂಥಿ ನಾಲಿಗೆಯ ಬುಡದಲ್ಲೇ ಉಳಿದುಬಿಡುತ್ತೆ. ಇನ್ನು ಕೆಲವರಲ್ಲಿ ಗ್ರಂಥಿ ಬೆಳೆಯೋದೇ ಇಲ್ಲ. ಹುಟ್ಟಿನಿಂದಲೇ ಬರುವ ಥೈರಾಯ್ಡ್ ಕೊರತೆಗೆ ಹೆಚ್ಚಿನ ಸಂದರ್ಭದಲ್ಲಿ ಕಾರಣ ಇಂಥದ್ದೇ. ಎಲ್ಲ ಸರಿಯಾಗಿ ನಡೆದರೆ 10ರಿಂದ 12 ವಾರದಲ್ಲಿ ಗ್ರಂಥಿ ಅಯೋಡಿನ್ ಹಿಡಿದಿಡಲು ಕಲಿಯುತ್ತೆ. ಆದರೂ ಲೆಕ್ಕಕ್ಕೆ ಬರುವಷ್ಟು ಹಾರ್ಮೋನು ಹೊರಬರೋದು 18ರಿಂದ 20 ವಾರ ಆದ ಮೇಲೆ.

ಹಾಗಾದರೆ ಅಲ್ಲಿಯವರೆಗೆ ಮಗುವಿಗೆ ಹಾರ್ಮೋನು ಎಲ್ಲಿಂದ? ತಾಯಿಯಿಂದ. ತಾಯಿಯ ಟಿ4 ಮಾಸಿನ ಮೂಲಕ ಸ್ವಲ್ಪ ಸ್ವಲ್ಪವಾಗಿ ದಾಟಿಬರುತ್ತೆ. ಪ್ರಮಾಣ ಕಡಿಮೆ, ಆದರೆ ಮಿದುಳು ಕಟ್ಟಲು ಶುರುವಾದ ಆ ದಿನಗಳಲ್ಲಿ ಮಗುವಿಗೆ ಇರುವ ಆಸರೆ ಅದೊಂದೇ. ಮಿದುಳಿನ ಕೋಶಗಳು ತಮ್ಮ ತಮ್ಮ ಜಾಗಕ್ಕೆ ಹೋಗಿ ನೆಲೆಸಲು, ಒಂದಕ್ಕೊಂದು ಕೊಂಡಿ ಬೆಸೆಯಲು, ನರತಂತುಗಳ ಮೇಲೆ ಹೊದಿಕೆ ಬೆಳೆಯಲು ಈ ಹಾರ್ಮೋನು ಬೇಕು. ಗರ್ಭದ ಕೊನೆಯ ದಿನದವರೆಗೂ ತಾಯಿಯ ಈ ಪೂರೈಕೆ ನಿಲ್ಲೋದಿಲ್ಲ. ಥೈರಾಯ್ಡ್ ಗ್ರಂಥಿಯೇ ಇಲ್ಲದ ಮಕ್ಕಳ ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸಿದಾಗ, ಸಾಮಾನ್ಯ ಮಟ್ಟದ ಕಾಲು ಭಾಗದಿಂದ ಅರ್ಧದಷ್ಟು ಟಿ4 ಸಿಕ್ಕಿದೆ. ಅಷ್ಟೂ ತಾಯಿ ಕೊಟ್ಟಿದ್ದು. ಅದಕ್ಕೇ ಇಂಥ ಮಕ್ಕಳು ಹುಟ್ಟಿದಾಗ ನೋಡೋಕೆ ಏನೂ ತೊಂದರೆ ಇಲ್ಲದ ಹಾಗೇ ಇರ್ತಾರೆ.

20 ವಾರದ ನಂತರ ಮಗುವಿನ ಸ್ವಂತ ಉತ್ಪಾದನೆ ವಾರವಾರಕ್ಕೂ ಏರುತ್ತಾ ಹೋಗುತ್ತೆ. ರಕ್ತದಲ್ಲಿ ಹಾರ್ಮೋನನ್ನು ಹೊತ್ತು ತಿರುಗುವ ಪ್ರೋಟೀನ್ ಜಾಸ್ತಿಯಾಗುತ್ತೆ, ಟಿಎಸ್‌ಎಚ್ ಏರುತ್ತೆ, ಟಿ4 ಏರುತ್ತೆ. ದಿನ ತುಂಬುವ ಹೊತ್ತಿಗೆ ಒಟ್ಟು ಟಿ4 ಡೆಸಿಲೀಟರ್‌ಗೆ ಸುಮಾರು 10 ಮೈಕ್ರೊಗ್ರಾಂ, ಅಂದರೆ ದೊಡ್ಡವರ ಮಟ್ಟಕ್ಕೆ ಸಮ. ಆದರೆ ಟಿ3 ಮಾತ್ರ ಕೆಳಗೇ ಉಳಿದಿರುತ್ತೆ.

ಈ ಟಿ3 ವಿಷಯ ನನಗೆ ತುಂಬಾ ಇಷ್ಟ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ತೀನಿ. ಗರ್ಭದೊಳಗಿನ ಮಗು ಬೆಚ್ಚಗೆ ನೀರಿನಲ್ಲಿ ತೇಲುತ್ತಿದೆ. ಅದು ತನ್ನ ಮೈಯನ್ನು ತಾನೇ ಬಿಸಿ ಮಾಡಿಕೊಳ್ಳಬೇಕಿಲ್ಲ, ಉಸಿರಾಡಬೇಕಿಲ್ಲ. ಅದರ ಕೆಲಸ ಬೆಳೆಯೋದು ಅಷ್ಟೇ. ಟಿ3 ಜಾಸ್ತಿಯಾದರೆ ದೇಹದ ಒಲೆ ಜೋರಾಗಿ ಉರಿಯುತ್ತೆ, ಬೆಳವಣಿಗೆಗೆ ಬೇಕಾದ ಶಕ್ತಿ ಸುಮ್ನೆ ಖರ್ಚಾಗುತ್ತೆ. ಅದಕ್ಕೆ ಮಾಸಿನಲ್ಲೂ ಮಗುವಿನ ಅಂಗಾಂಗಗಳಲ್ಲೂ ಒಂದು ಕಿಣ್ವ ಕಾವಲು ಕೂತಿರುತ್ತೆ. ಅದು ಟಿ4ನಿಂದ ಬೇರೆ ಕಡೆಯ ಅಯೋಡಿನ್ ಕಳಚಿ, ಕೆಲಸಕ್ಕೆ ಬಾರದ ರಿವರ್ಸ್ ಟಿ3 ಮಾಡಿಬಿಡುತ್ತೆ. ಒಲೆಯ ಉರಿ ಸಣ್ಣಗೆ ಉಳಿಯುತ್ತೆ. ಆದರೆ ಮಿದುಳಿಗೆ ಟಿ3 ಬೇಕೇ ಬೇಕಲ್ವಾ? ಅದಕ್ಕೆ ಮಿದುಳು ತನ್ನೊಳಗೇ ಬೇರೊಂದು ಕಿಣ್ವ ಇಟ್ಟುಕೊಂಡು, ರಕ್ತದಿಂದ ಬರುವ ಟಿ4 ತೆಗೆದುಕೊಂಡು ತನಗೆ ಬೇಕಾದಷ್ಟು ಟಿ3 ತಾನೇ ಮಾಡಿಕೊಳ್ಳುತ್ತೆ. ಈ ಸಂಗತಿ ನೆನಪಿರಲಿ. ಮಿದುಳು ನಂಬಿರೋದು ರಕ್ತದ ಟಿ4 ಮೇಲೆ. ಟಿ4 ಕಡಿಮೆಯಾದರೆ ಆತಂಕ ಯಾಕೆ ಅನ್ನೋದರ ಬೇರು ಇಲ್ಲಿದೆ.

30 ವಾರ ದಾಟಿದ ಮೇಲೆ ಟಿ3 ನಿಧಾನವಾಗಿ ಏರತೊಡಗುತ್ತೆ. ಹೆರಿಗೆಗೆ ಹತ್ತಿರವಾಗುತ್ತಾ ಮಗುವಿನ ದೇಹದಲ್ಲಿ ಕಾರ್ಟಿಸೋಲ್ ಹಾರ್ಮೋನು ಹೆಚ್ಚುತ್ತೆ. ಅದು ಟಿ4 ಅನ್ನು ಟಿ3 ಮಾಡುವ ಕಿಣ್ವಕ್ಕೆ ಚುರುಕು ಕೊಡುತ್ತೆ, ಶ್ವಾಸಕೋಶ ಹಣ್ಣಾಗಲು ನೆರವಾಗುತ್ತೆ. ಹೊರಗೆ ಬರಲು ತಯಾರಿ ನಡೆದಿದೆ ಅಂತ ಅರ್ಥ. ಈ ತಯಾರಿಗೆ ಕೊನೆಯ ಎಂಟು ಹತ್ತು ವಾರ ಬೇಕು. 27 ವಾರಕ್ಕೆ ಹುಟ್ಟಿದ ಮಗುವಿಗೆ ತಪ್ಪಿಹೋಗೋದು ಈ ವಾರಗಳೇ.

ಇನ್ನು ಹುಟ್ಟಿದ ಆ ಗಳಿಗೆ. ಮಗು ಬೆಚ್ಚಗಿನ ನೀರಿನಿಂದ ತಣ್ಣಗಿನ ಗಾಳಿಗೆ ಬರುತ್ತೆ. ಮೈ ಒದ್ದೆ. ಹೊಕ್ಕುಳಬಳ್ಳಿ ಕತ್ತರಿಸಿ ಆಯ್ತು. ಪಿಟ್ಯುಟರಿ ಒಮ್ಮೆಗೇ ಟಿಎಸ್‌ಎಚ್ ಸುರಿಯುತ್ತೆ. ದಿನ ತುಂಬಿದ ಮಗುವಿನಲ್ಲಿ ಹುಟ್ಟಿದ ಅರ್ಧ ಗಂಟೆಯೊಳಗೆ ಅದು ಲೀಟರ್‌ಗೆ 60ರಿಂದ 80 ಮಿಲಿ ಯುನಿಟ್‌ಗೆ ಏರುತ್ತೆ. ದೊಡ್ಡವರಲ್ಲಿ 4, 5ರ ಆಚೆ ಹೋದರೆ ಡಾಕ್ಟರು ಗಮನ ಕೊಡ್ತಾರೆ, ಇಲ್ಲಿ 70 ಸಹಜ. ಆಮೇಲೆ ಅಷ್ಟೇ ಬೇಗ ಇಳಿಯುತ್ತೆ. ಒಂದು ದಿನ ಕಳೆಯುವ ಹೊತ್ತಿಗೆ 20ರ ಆಸುಪಾಸು, ಒಂದು ವಾರದಲ್ಲಿ ಸಾಮಾನ್ಯವಾಗಿ 10ರ ಕೆಳಗೆ. ಆ ಮೊದಲನೆಯ ಮಗುವಿನ 40 ಈಗ ಅರ್ಥವಾಗಿರಬೇಕು. ಅದು ಇಳಿಜಾರಿನ ನಡುವೆ ಸಿಕ್ಕಿದ ಸಂಖ್ಯೆ. ಅದೇ 40 ಹತ್ತನೇ ದಿನ ಬಂದಿದ್ದರೆ ಮಾತೇ ಬೇರೆ, ಆಗ ಒಂದು ದಿನವನ್ನೂ ಕಳೆಯುವ ಹಾಗಿಲ್ಲ.

ಈ ಟಿಎಸ್‌ಎಚ್ ಹೊಡೆತಕ್ಕೆ ಥೈರಾಯ್ಡ್ ಎಚ್ಚೆತ್ತು ಹಾರ್ಮೋನು ಬಿಡುತ್ತೆ. ಟಿ4 ಮತ್ತು ಟಿ3 ಎರಡೂ ಏರಿ ಸುಮಾರು 24ರಿಂದ 36 ಗಂಟೆಯಲ್ಲಿ ತುದಿ ಮುಟ್ಟುತ್ತವೆ. ಟಿ3 ಏರಿಕೆಯಂತೂ ಹಲವು ಪಟ್ಟು. ಯಾಕೆಂದರೆ ಕಾವಲು ಕೂತಿದ್ದ ಮಾಸು ಈಗ ಇಲ್ಲ. ಮಗುವಿನ ಬೆನ್ನು, ಹೆಗಲು, ಕುತ್ತಿಗೆಯ ಸುತ್ತ ಕಂದು ಕೊಬ್ಬು ಅಂತ ಇರುತ್ತೆ. ಅದರ ಕೆಲಸವೇ ಸುಟ್ಟು ಶಾಖ ಕೊಡೋದು. ಆ ಒಲೆ ಹೊತ್ತಿಸಲು ಥೈರಾಯ್ಡ್ ಹಾರ್ಮೋನು ಬೇಕು. ನಡುಗಲು ಇನ್ನೂ ಬಾರದ ಕೂಸು ಮೈ ಬೆಚ್ಚಗಿಟ್ಟುಕೊಳ್ಳೋದು ಹೀಗೆ.

ಬೇಗ ಹುಟ್ಟಿದ ಮಗುವಿನಲ್ಲಿ ಇದೆಲ್ಲ ನಡೆಯುತ್ತೆ, ಆದರೆ ದುರ್ಬಲವಾಗಿ. ಟಿಎಸ್‌ಎಚ್ ಏರುತ್ತೆ, ಆದರೆ ಅಷ್ಟು ಎತ್ತರಕ್ಕಲ್ಲ. ಎಷ್ಟು ಬೇಗ ಹುಟ್ಟಿದೆಯೋ ಏರಿಕೆ ಅಷ್ಟು ಕಡಿಮೆ. 34, 35, 36 ವಾರದ ಮಕ್ಕಳಲ್ಲಿ ವ್ಯತ್ಯಾಸ ಸಣ್ಣದು, ಕೆಲವು ವಾರದಲ್ಲಿ ದಿನ ತುಂಬಿದ ಮಕ್ಕಳ ಸಮಕ್ಕೆ ಬಂದುಬಿಡ್ತಾರೆ. 30 ವಾರಕ್ಕಿಂತ ಮುಂಚೆ ಹುಟ್ಟಿದವರ ದಾರಿಯೇ ಬೇರೆ. ಅವರಲ್ಲಿ ಟಿ4 ಮೊದಲು ತುಸು ಏರಿದರೂ ಆಮೇಲೆ ಹುಟ್ಟಿದಾಗ ಇದ್ದಿದ್ದಕ್ಕಿಂತ ಕೆಳಗೆ ಜಾರುತ್ತೆ. ತೀರಾ ಕೆಳಮಟ್ಟ ಸಿಗೋದು ಸಾಮಾನ್ಯವಾಗಿ ಒಂದು ವಾರದ ಹೊತ್ತಿಗೆ. ಮೊದಲ ವಾರದಲ್ಲಿ ದಿನ ತುಂಬಿದ ಮಗುವಿನ ಫ್ರೀ ಟಿ4, ಅಂದರೆ ಪ್ರೋಟೀನಿಗೆ ಅಂಟಿಕೊಳ್ಳದೆ ಬಿಡಿಯಾಗಿರುವ ಟಿ4, ಡೆಸಿಲೀಟರ್‌ಗೆ ಸುಮಾರು 2ರಿಂದ 5 ನ್ಯಾನೊಗ್ರಾಂ ಇರುತ್ತೆ. 25ರಿಂದ 27 ವಾರದ ಮಗುವಿನಲ್ಲಿ ಅದು ಸುಮಾರು 0.6ರಿಂದ 2.2. ಒಬ್ಬರ ಮೇಲಿನ ಗೆರೆ ಇನ್ನೊಬ್ಬರ ಕೆಳಗಿನ ಗೆರೆಯ ಹತ್ತಿರ ಬರ್ತಿದೆ, ನೋಡಿದಿರಾ? ಈ ಇಬ್ಬರಿಗೂ ಒಂದೇ ಅಳತೆಗೋಲು ಹಿಡಿದರೆ ಇಬ್ಬರಲ್ಲಿ ಒಬ್ಬರಿಗೆ ಅನ್ಯಾಯ ಆಗೇ ಆಗುತ್ತೆ.

ಟಿ4 ಇಷ್ಟು ಕೆಳಗೆ ಹೋದಾಗ ಪಿಟ್ಯುಟರಿ ಟಿಎಸ್‌ಎಚ್ ಏರಿಸಿ ಕೂಗಬೇಕಿತ್ತು. ಅದು ಕೂಗೋದಿಲ್ಲ. ಟಿ4 ಕಡಿಮೆ, ಟಿಎಸ್‌ಎಚ್ ನಾರ್ಮಲ್. ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ತಾತ್ಕಾಲಿಕ ಟಿ4 ಕೊರತೆ ಅಂತ ಇದನ್ನು ಕರೀತಾರೆ. ಹಾರ್ಮೋನು ಕಡಿಮೆ ಇರೋದನ್ನು ಗುರುತಿಸಿ ಉತ್ತರ ಕೊಡುವ ಮಿದುಳಿನ ಭಾಗವೇ ಇನ್ನೂ ಹಣ್ಣಾಗಿಲ್ಲ. ಇದು ಮೊದಲ ಕಾರಣ. ಇನ್ನೂ ಕೆಲವು ಜೊತೆ ಸೇರ್ತವೆ. ತಾಯಿಯಿಂದ ಬರ್ತಿದ್ದ ಟಿ4 ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣಕ್ಕೆ ನಿಂತಿತು, ಅದೂ ಮಗುವಿನ ಸ್ವಂತ ಗ್ರಂಥಿ ಪೂರ್ತಿ ಕೆಲಸ ಹಿಡಿಯುವ ಎಷ್ಟೋ ವಾರ ಮುಂಚೆ. ಯಕೃತ್ತು ಎಳೆಯದು, ಹಾಗಾಗಿ ಹಾರ್ಮೋನು ಹೊರುವ ಪ್ರೋಟೀನ್ ಕಡಿಮೆ, ರಕ್ತದ ಒಟ್ಟು ಟಿ4 ಕೂಡ ಕಡಿಮೆ ಕಾಣುತ್ತೆ. ಗ್ರಂಥಿಯಲ್ಲಿ ಅಯೋಡಿನ್ ದಾಸ್ತಾನು ತೀರಾ ಸ್ವಲ್ಪ. ಮೇಲಿಂದ ಮಗುವಿಗೆ ಉಸಿರಾಟದ ತೊಂದರೆ, ಸೋಂಕು. ಗಂಭೀರ ಕಾಯಿಲೆಯಲ್ಲಿ ಯಾವ ವಯಸ್ಸಿನವರಿಗಾದರೂ ಥೈರಾಯ್ಡ್ ಹಾರ್ಮೋನು ಕುಸಿಯುತ್ತೆ, ಇಲ್ಲಿ ಇನ್ನೂ ಜಾಸ್ತಿ. ರಕ್ತದೊತ್ತಡ ಎತ್ತಿ ಹಿಡಿಯಲು ಕೊಡುವ ಡೋಪಮೈನ್, ಕೆಲವೊಮ್ಮೆ ಕೊಡುವ ಸ್ಟೀರಾಯ್ಡ್, ಇವು ಟಿಎಸ್‌ಎಚ್ ಅನ್ನು ಅದುಮಿ ಹಿಡಿಯುತ್ತವೆ. ಮಗುವನ್ನು ಉಳಿಸಲು ಆ ಔಷಧ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹೊತ್ತಿನ ಟಿಎಸ್‌ಎಚ್ ರಿಪೋರ್ಟ್ ಓದುವಾಗ ಇದು ನೆನಪಿರಬೇಕು.

ಅಯೋಡಿನ್ ಬಗ್ಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಇದು ಬಹಳ ಜನಕ್ಕೆ ಗೊತ್ತಿರೋದಿಲ್ಲ. ಅಯೋಡಿನ್ ಕಡಿಮೆಯಾದರೆ ಹಾರ್ಮೋನು ಆಗೋದಿಲ್ಲ, ಇದು ಎಲ್ಲರಿಗೂ ಗೊತ್ತು. ಜಾಸ್ತಿಯಾದರೂ ಆಗೋದಿಲ್ಲ! ಒಮ್ಮೆಗೇ ತುಂಬಾ ಅಯೋಡಿನ್ ಬಂದರೆ ಥೈರಾಯ್ಡ್ ತನ್ನ ರಕ್ಷಣೆಗೆ ಬಾಗಿಲು ಹಾಕಿಕೊಂಡು ಉತ್ಪಾದನೆ ನಿಲ್ಲಿಸುತ್ತೆ. ದೊಡ್ಡವರಲ್ಲಿ ಕೆಲವು ದಿನಕ್ಕೆ ಅದು ಸರಿಹೊಂದಿಕೊಂಡು ಮತ್ತೆ ಕೆಲಸಕ್ಕೆ ಇಳಿಯುತ್ತೆ. ಈ ಸರಿಹೊಂದುವ ಕಲೆ ಮಗುವಿಗೆ ಬರೋದು ದಿನ ತುಂಬುವ ಹೊತ್ತಿಗೆ, ಸುಮಾರು 36 ವಾರದ ನಂತರ. ಅದಕ್ಕೂ ಮುಂಚೆ ಹುಟ್ಟಿದ ಮಗುವಿನ ಬಾಗಿಲು ಒಮ್ಮೆ ಹಾಕಿದರೆ ಬೇಗ ತೆರೆಯೋದಿಲ್ಲ. ಇಷ್ಟು ಅಯೋಡಿನ್ ಆ ಪುಟ್ಟ ಮೈಗೆ ಎಲ್ಲಿಂದ ಬರುತ್ತೆ ಅಂದರೆ, ಚರ್ಮ ಶುಚಿ ಮಾಡುವ ಆ ಕಂದು ಬಣ್ಣದ ಪೊವಿಡೋನ್ ಅಯೋಡಿನ್ ದ್ರಾವಣದಿಂದ, ಮತ್ತು ಕೆಲವು ಸ್ಕ್ಯಾನ್‌ಗಳಲ್ಲಿ ಬಳಸುವ ಕಾಂಟ್ರಾಸ್ಟ್ ಔಷಧದಿಂದ. ಬೇಗ ಹುಟ್ಟಿದ ಮಗುವಿನ ಚರ್ಮ ಕಾಗದದಷ್ಟು ತೆಳು, ಸವರಿದ್ದೆಲ್ಲ ಒಳಗೆ ಹೋಗುತ್ತೆ. ಈ ಮಕ್ಕಳಿಗೆ ಅಯೋಡಿನ್ ಇಲ್ಲದ ಬೇರೆ ಶುಚಿಕಾರಕ ಬಳಸುವುದೇ ಲೇಸು. ಬಳಸಲೇಬೇಕಾಗಿ ಬಂದಿದ್ದರೆ ಆಮೇಲೆ ಥೈರಾಯ್ಡ್ ಪರೀಕ್ಷೆ ಮರೆಯಬಾರದು.

ಈಗ ಪರೀಕ್ಷೆಯ ಮಾತು. ಹುಟ್ಟಿದ ಎಲ್ಲ ಮಕ್ಕಳ ಹಿಮ್ಮಡಿಗೆ ಚುಚ್ಚಿ ನಾಲ್ಕು ಹನಿ ರಕ್ತವನ್ನು ಫಿಲ್ಟರ್ ಕಾಗದದ ಮೇಲೆ ಒಣಗಿಸಿ ಲ್ಯಾಬಿಗೆ ಕಳಿಸೋದು ಈಗ ಎಷ್ಟೋ ದೇಶಗಳಲ್ಲಿ ರೂಢಿ. ಈ ಕಾಗದದ ಉಪಾಯವನ್ನು 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗತ್ರಿ ಬೇರೊಂದು ಕಾಯಿಲೆ ಪತ್ತೆಗೆ ಬಳಕೆಗೆ ತಂದರು. 1970ರ ದಶಕದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಜಾಂ ಡ್ಯುಸೋ ಅದೇ ಒಣಗಿದ ರಕ್ತದ ಚುಕ್ಕೆಯಲ್ಲಿ ಟಿ4 ಅಳೆದು ತೋರಿಸಿದರು. ಅಲ್ಲಿಂದ ಥೈರಾಯ್ಡ್ ತಪಾಸಣೆ ಜಗತ್ತಿಗೆ ಹಬ್ಬಿತು. ಹುಟ್ಟಿನಿಂದ ಬರುವ ಥೈರಾಯ್ಡ್ ಕೊರತೆ ಸುಮಾರು 2000ದಿಂದ 4000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತೆ. ಕಣ್ಣಿಗೆ ಕಾಣುವ ಲಕ್ಷಣ ನೋಡಿ ಕಾಯ್ತಾ ಕೂತರೆ, ಅಂದರೆ ಬಿಡದ ಕಾಮಾಲೆ, ಮಲಬದ್ಧತೆ, ದಪ್ಪ ನಾಲಿಗೆ, ಒಡಕು ಅಳು, ಸದಾ ನಿದ್ದೆ, ಹಾಲು ಕುಡಿಯಲು ಸೋಮಾರಿತನ ಇವೆಲ್ಲ ಎದ್ದು ಕಾಣುವ ಹೊತ್ತಿಗೆ ಮಿದುಳಿಗೆ ಆದ ನಷ್ಟ ಪೂರ್ತಿ ತುಂಬಿಕೊಡಲು ಆಗೋದಿಲ್ಲ. ತಾಯಿ ಕೊಟ್ಟ ಟಿ4 ಹುಟ್ಟಿದ ಮೇಲೆ ಸುಮಾರು ಮೂರೂವರೆ ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತಾ ಹೋಗುತ್ತೆ. ಎರಡು ವಾರದಲ್ಲಿ ಖಾಲಿ ಅಂತಲೇ ಲೆಕ್ಕ. ಚಿಕಿತ್ಸೆ ಎರಡು ವಾರದೊಳಗೆ ಶುರುವಾಗಬೇಕು ಅನ್ನೋದು ಇದಕ್ಕೇ.

ರಕ್ತ ತೆಗೆಯಲು ಒಳ್ಳೆಯ ಹೊತ್ತು 48ರಿಂದ 72 ಗಂಟೆ. ಮೊದಲ ದಿನದ ಆ ಏರಿಳಿತ ಅಷ್ಟರಲ್ಲಿ ತಣ್ಣಗಾಗಿರುತ್ತೆ. ಬೇಗ ಮನೆಗೆ ಕಳಿಸುವ ಅವಸರದಲ್ಲಿ 24 ಗಂಟೆಯೊಳಗೆ ತೆಗೆದರೆ, ಏನೂ ತೊಂದರೆ ಇಲ್ಲದ ಎಷ್ಟೋ ಮಕ್ಕಳ ಟಿಎಸ್‌ಎಚ್ ಜಾಸ್ತಿ ಬಂದು ಮನೆಮಂದಿಯೆಲ್ಲ ನಿದ್ದೆಗೆಡ್ತಾರೆ. ಕೆಲವು ಕಡೆ ಹೊಕ್ಕುಳಬಳ್ಳಿಯ ರಕ್ತವನ್ನೇ ಪರೀಕ್ಷೆಗೆ ತೆಗೆದುಕೊಳ್ತಾರೆ. ಅದು ಏರಿಕೆಗೂ ಮುಂಚಿನ ರಕ್ತ, ಹಾಗಾಗಿ ಅದರ ಅಳತೆಗೋಲು ಬೇರೆ. ಇನ್ನೊಂದು ಸಣ್ಣ ವಿಷಯ. ಕಾಗದದ ಮೇಲಿನ ಒಣಗಿದ ರಕ್ತದಲ್ಲಿ ಬರುವ ಟಿಎಸ್‌ಎಚ್ ಸಂಖ್ಯೆ ಸಾಮಾನ್ಯವಾಗಿ ಸೀರಮ್, ಅಂದರೆ ರಕ್ತಕಣ ಬೇರ್ಪಡಿಸಿದ ತಿಳಿದ್ರವದ, ಸಂಖ್ಯೆಯ ಹೆಚ್ಚುಕಡಿಮೆ ಅರ್ಧ. ಕಾಗದದ್ದು 15, ಮಾರನೇ ದಿನ ಸೀರಮ್‌ನದ್ದು 30 ಅಂತ ಬಂದರೆ ಒಂದೇ ರಾತ್ರಿಯಲ್ಲಿ ಕಾಯಿಲೆ ದುಪ್ಪಟ್ಟಾಯ್ತು ಅಂತ ತಿಳಿಯಬೇಡಿ.

ಮತ್ತೆ ನಮ್ಮ 27 ವಾರದ ಮಗುವಿನ ಹತ್ತಿರ ಹೋಗೋಣ. ಅದಕ್ಕೆ ನಿಜವಾಗಿಯೂ ಥೈರಾಯ್ಡ್ ಗ್ರಂಥಿಯಲ್ಲೇ ದೋಷ ಇದೆ ಅಂದುಕೊಳ್ಳಿ. ಮೂರನೇ ದಿನ ಪಿಟ್ಯುಟರಿ ಇನ್ನೂ ಕೂಗುವ ಸ್ಥಿತಿಯಲ್ಲಿಲ್ಲ, ಟಿಎಸ್‌ಎಚ್ 4 ಬಂತು, ಪಾಸ್ ಅಂತ ಬರೆದರು. ಎರಡು ಮೂರು ವಾರ ಕಳೆದು ಪಿಟ್ಯುಟರಿ ಬಲಿತ ಮೇಲೆ ಟಿಎಸ್‌ಎಚ್ ಏರಲು ಶುರುವಾಗುತ್ತೆ. ಅಷ್ಟರಲ್ಲಿ ತಪಾಸಣೆ ಮುಗಿದ ಕಡತ ಸೇರಿಬಿಟ್ಟಿರುತ್ತೆ. ತಡವಾಗಿ ಏರುವ ಟಿಎಸ್‌ಎಚ್ ಅಂತ ಇದಕ್ಕೆ ಹೆಸರು. 1500 ಗ್ರಾಂಗಿಂತ ಕಡಿಮೆ ತೂಕದ ಮಕ್ಕಳಲ್ಲಿ ಇದು ಜಾಸ್ತಿ ಕಾಣುತ್ತೆ. ಇವರಲ್ಲಿ ಹಲವರಿಗೆ ಕೆಲವು ವಾರಗಳಲ್ಲಿ ತಾನಾಗೇ ಸರಿಹೋಗುತ್ತೆ, ಕೆಲವರಿಗೆ ಔಷಧ ಬೇಕಾಗುತ್ತೆ. ಯಾರು ಯಾವ ಗುಂಪಿಗೆ ಸೇರ್ತಾರೆ ಅಂತ ಮತ್ತೆ ನೋಡದೆ ಹೇಳೋಕಾಗಲ್ಲ. ಅದಕ್ಕೇ ಬೇಗ ಹುಟ್ಟಿದ, ತೂಕ ಕಡಿಮೆ ಇರುವ, ಎನ್‌ಐಸಿಯುನಲ್ಲಿ ಇರುವ ಮಕ್ಕಳಿಗೆ ಮೊದಲ ರಿಪೋರ್ಟ್ ಎಷ್ಟೇ ಚೆನ್ನಾಗಿ ಬಂದಿದ್ದರೂ 2ರಿಂದ 4 ವಾರದ ನಡುವೆ ಮತ್ತೊಮ್ಮೆ ರಕ್ತ ತೆಗೆಯಬೇಕು ಅಂತ ಮಕ್ಕಳ ತಜ್ಞರ ಮಾರ್ಗಸೂಚಿಗಳು ಹೇಳುತ್ತವೆ. ತೀರಾ ಬೇಗ ಹುಟ್ಟಿದವರಿಗೆ ಮೂರನೇ ಸಲವೂ ತೆಗೆಯುವುದುಂಟು. ಒಂದೇ ಲಿಂಗದ ಅವಳಿಗಳಿಗೂ ಇದೇ ನಿಯಮ, ಯಾಕೆಂದರೆ ಗರ್ಭದಲ್ಲಿ ಒಬ್ಬರ ರಕ್ತ ಇನ್ನೊಬ್ಬರಿಗೆ ಬೆರೆತು, ತೊಂದರೆ ಇರುವ ಮಗುವಿನ ಕೊರತೆಯನ್ನು ಸರಿ ಇರುವ ಮಗುವಿನ ಹಾರ್ಮೋನು ಸ್ವಲ್ಪ ದಿನ ಮುಚ್ಚಿಡಬಹುದು. ಮಗುವಿಗೆ ರಕ್ತ ಕೊಡಬೇಕಾಗಿ ಬಂದರೆ ಪರೀಕ್ಷೆಯ ಹನಿಗಳನ್ನು ಅದಕ್ಕೂ ಮುಂಚೆ ತೆಗೆಯಬೇಕು. ಇಲ್ಲದಿದ್ದರೆ ನಾವು ಅಳೆಯೋದು ದಾನಿಯ ಹಾರ್ಮೋನನ್ನು.

ಇಷ್ಟು ಓದಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತೆ. ಟಿ4 ಕಡಿಮೆ ಇದೆ, ಮಿದುಳಿಗೆ ಟಿ4 ಬೇಕು, ಹಾಗಿದ್ದರೆ ಬೇಗ ಹುಟ್ಟಿದ ಎಲ್ಲ ಮಕ್ಕಳಿಗೂ ಟಿ4 ಕೊಟ್ಟುಬಿಡಬಹುದಲ್ವಾ? ಇದು ಸುಲಭದ ಪ್ರಶ್ನೆ ಅಲ್ಲ, ವೈದ್ಯಲೋಕ ಇದರ ಹಿಂದೆ ದಶಕಗಟ್ಟಲೆ ಬಿದ್ದಿದೆ. ಟಿ4 ತೀರಾ ಕೆಳಗಿದ್ದ ಮಕ್ಕಳಲ್ಲಿ ಮುಂದೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿಗೆ ಆದ ಪೆಟ್ಟಿನಿಂದ ಕೈಕಾಲಿನ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ, ಬರುವ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಜಾಸ್ತಿ ಅಂತ 1996ರಲ್ಲಿ ಬಂದ ಒಂದು ಅಮೆರಿಕನ್ ಅಧ್ಯಯನ ತೋರಿಸಿತು. ಮರುವರ್ಷ ನೆದರ್‌ಲ್ಯಾಂಡ್ಸ್‌ನಿಂದ ಒಂದು ಪ್ರಯೋಗದ ಫಲಿತಾಂಶ ಬಂತು. 30 ವಾರಕ್ಕಿಂತ ಮುಂಚೆ ಹುಟ್ಟಿದ 200 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಆರು ವಾರ ಟಿ4, ಉಳಿದವರಿಗೆ ಔಷಧವಿಲ್ಲದ ದ್ರಾವಣ ಕೊಟ್ಟಿದ್ದರು. ಎರಡು ವರ್ಷ ತುಂಬಿದಾಗ ನೋಡಿದರೆ ಒಟ್ಟಾರೆ ಎರಡೂ ಗುಂಪಿಗೆ ವ್ಯತ್ಯಾಸ ಇರಲಿಲ್ಲ. ಒಳಗೆ ಇಣುಕಿದಾಗ ಮಾತ್ರ ಎಲ್ಲರನ್ನೂ ಯೋಚನೆಗೆ ಹಚ್ಚುವ ಸಂಗತಿ ಕಂಡಿತು. 27 ವಾರಕ್ಕಿಂತ ಮುಂಚೆ ಹುಟ್ಟಿ ಟಿ4 ಪಡೆದವರ ಬುದ್ಧಿ ಬೆಳವಣಿಗೆಯ ಅಂಕ 18ರಷ್ಟು ಮೇಲಿತ್ತು. 27 ವಾರ ತುಂಬಿದ ಮೇಲೆ ಹುಟ್ಟಿ ಟಿ4 ಪಡೆದವರದ್ದು 10 ಅಂಕ ಕೆಳಗಿತ್ತು. ಅದೇ ಔಷಧ, ಅದೇ ಪ್ರಮಾಣ, ಕೆಲವೇ ವಾರಗಳ ಅಂತರ. ಆದರೆ ಹೀಗೆ ಸಣ್ಣ ಗುಂಪುಗಳನ್ನು ಒಡೆದು ನೋಡಿದಾಗ ಕಾಣುವ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದು. ಹಾಗಾಗಿ ಅದನ್ನೇ ಹಿಡಿದುಕೊಂಡು ಚಿಕಿತ್ಸೆ ಶುರು ಮಾಡುವಂತಿಲ್ಲ.

ಟಿ4 ಬೇಡ, ಕಚ್ಚಾ ಸಾಮಗ್ರಿಯಾದ ಅಯೋಡಿನ್ ಕೊಟ್ಟು ನೋಡೋಣ ಅಂತಲೂ ಪ್ರಯತ್ನ ಆಯ್ತು. ಬೇಗ ಹುಟ್ಟಿದ ಮಗುವಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 30 ಮೈಕ್ರೊಗ್ರಾಂನಷ್ಟು ಅಯೋಡಿನ್ ಬೇಕು, ರಕ್ತನಾಳದ ಮೂಲಕ ಕೊಡುವ ಪೋಷಣೆಯಲ್ಲಿ ಅದರ ಸಣ್ಣ ಭಾಗವಷ್ಟೇ ಇರುತ್ತೆ. ಬ್ರಿಟನ್‌ನಲ್ಲಿ 31 ವಾರಕ್ಕಿಂತ ಮುಂಚೆ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿದರು. ಎರಡು ವರ್ಷದ ಹೊತ್ತಿಗೆ ಮಕ್ಕಳ ಬೆಳವಣಿಗೆಯಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ. ಹುಟ್ಟುವ ಮುಂಚೆಯೇ ತಾಯಿಗೆ ಟಿಆರ್‌ಎಚ್ ಅನ್ನುವ ಇನ್ನೊಂದು ಹಾರ್ಮೋನು ಕೊಟ್ಟು ಮಗುವಿನ ಥೈರಾಯ್ಡನ್ನು ಚುರುಕುಗೊಳಿಸಿ, ಆ ಮೂಲಕ ಶ್ವಾಸಕೋಶ ಹಣ್ಣು ಮಾಡುವ ಯೋಚನೆಯೂ 1990ರ ದಶಕದಲ್ಲಿ ನಡೆದಿತ್ತು. ಅದೂ ಉಪಯೋಗಕ್ಕೆ ಬರಲಿಲ್ಲ, ಬದಲಿಗೆ ಅಡ್ಡಪರಿಣಾಮ ಕಂಡವು. ಇವನ್ನೆಲ್ಲ ಓದುವಾಗ ನನಗೆ ಅನಿಸೋದು ಇಷ್ಟು. ಕಡಿಮೆ ಟಿ4 ಕೆಲವು ಮಕ್ಕಳಲ್ಲಿ ಹಾನಿ ಮಾಡುತ್ತಿರಬಹುದು, ಇನ್ನು ಕೆಲವರಲ್ಲಿ ಅದು ಮಗು ಎಷ್ಟು ಎಳೆಯದು, ಎಷ್ಟು ಕಾಯಿಲೆ ಬಿದ್ದಿದೆ ಅನ್ನೋದನ್ನು ತೋರಿಸುವ ಕನ್ನಡಿ ಮಾತ್ರ. ಕನ್ನಡಿ ಒರೆಸಿದರೆ ಮುಖ ಬದಲಾಗೋದಿಲ್ಲ. ಹಾಗಾಗಿ ಈಗಿನ ರೂಢಿ ಏನೆಂದರೆ, ಟಿ4 ಕಡಿಮೆ ಇದ್ದು ಟಿಎಸ್‌ಎಚ್ ಸರಿ ಇದ್ದರೆ ಕಣ್ಣಿಟ್ಟು ಕಾಯೋದು, ಮತ್ತೆ ಮತ್ತೆ ಪರೀಕ್ಷಿಸೋದು. ಟಿಎಸ್‌ಎಚ್ ಏರಿ ನಿಂತರೆ, ಅಥವಾ ಪಿಟ್ಯುಟರಿಯಲ್ಲೇ ದೋಷ ಇದೆ ಅಂತ ಅನುಮಾನ ಬಂದರೆ ಮಾತ್ರ ಚಿಕಿತ್ಸೆ. ವೈದ್ಯರು ಏನೂ ಔಷಧ ಕೊಡ್ತಿಲ್ಲ ಅಂದರೆ ಕಡೆಗಣಿಸಿದ್ದಾರೆ ಅಂತಲ್ಲ.

ಔಷಧ ಬೇಕೇ ಬೇಕು ಅಂತಾದರೆ ಅದು ಲೆವೊಥೈರಾಕ್ಸಿನ್, ಅಂದರೆ ಟಿ4 ಮಾತ್ರೆಯೇ. ಹುಟ್ಟಿನಿಂದ ಥೈರಾಯ್ಡ್ ಕೊರತೆ ಇರುವ ಮಗುವಿಗೆ ದಿನಕ್ಕೆ ಪ್ರತಿ ಕಿಲೋಗೆ 10ರಿಂದ 15 ಮೈಕ್ರೊಗ್ರಾಂ. ಮಾತ್ರೆಯನ್ನು ಪುಡಿ ಮಾಡಿ ಒಂದೆರಡು ಚಮಚ ಎದೆಹಾಲಲ್ಲೋ ನೀರಲ್ಲೋ ಕಲಸಿ ಕೊಡ್ತಾರೆ. ಬಾಟಲಿ ತುಂಬಾ ಹಾಲಿಗೆ ಬೆರೆಸಬಾರದು, ಮಗು ಅರ್ಧಕ್ಕೇ ಬಿಟ್ಟರೆ ಔಷಧವೂ ಅರ್ಧಕ್ಕೇ ಉಳಿಯುತ್ತೆ. ಕಬ್ಬಿಣ, ಕ್ಯಾಲ್ಸಿಯಂ, ಸೋಯಾ ಹಾಲು ಇವುಗಳ ಜೊತೆ ಕೊಟ್ಟರೆ ಮೈಗೆ ಹತ್ತೋದು ಕಡಿಮೆ. ಬೇಗ ಹುಟ್ಟಿದ ಮಕ್ಕಳಿಗೆ ಕಬ್ಬಿಣದ ಹನಿ ಬರೆದುಕೊಡೋದು ಸಾಮಾನ್ಯ, ಹಾಗಾಗಿ ಎರಡರ ನಡುವೆ ಕೆಲವು ಗಂಟೆ ಅಂತರ ಇರಲಿ. ಗ್ರಂಥಿ ತನ್ನ ಜಾಗದಲ್ಲೇ ಇದ್ದು ಕೊರತೆ ತಾತ್ಕಾಲಿಕ ಅನ್ನಿಸಿದರೆ, ಮೂರು ವರ್ಷ ತುಂಬಿದ ಮೇಲೆ ವೈದ್ಯರೇ ಔಷಧ ನಿಲ್ಲಿಸಿ ನೋಡ್ತಾರೆ. ಅಲ್ಲಿಯವರೆಗೆ ನಾವಾಗಿ ನಿಲ್ಲಿಸೋದು ಬೇಡವೇ ಬೇಡ. ಮಿದುಳು ಹಾರ್ಮೋನನ್ನು ಅತಿ ಹೆಚ್ಚು ಬೇಡುವ ವರ್ಷಗಳು ಅವೇ.

ದಿನ ತುಂಬುವುದಕ್ಕೂ ಥೈರಾಯ್ಡ್‌ಗೂ ಇರುವ ನಂಟು ಒಂದೇ ದಿಕ್ಕಿನದ್ದಲ್ಲ. ಇದುವರೆಗೆ ಮಗು ಎಷ್ಟು ಎಳೆಯದಾಗಿದ್ದರೆ ಹಾರ್ಮೋನು ಎಷ್ಟು ಕಡಿಮೆ ಅಂತ ನೋಡಿದೆವು. ತಿರುಗಿಸಿಯೂ ನೋಡಬಹುದು. ಗರ್ಭದಲ್ಲೇ ಹಾರ್ಮೋನು ಕಡಿಮೆ ಇದ್ದರೆ ದಿನ ತುಂಬಿದ ಮಗುವೂ ಒಳಗಿನಿಂದ ಎಳೆಯದಾಗೇ ಉಳಿದಿರಬಹುದು. ಮಂಡಿಯ ಹತ್ತಿರ, ತೊಡೆಮೂಳೆಯ ಕೆಳತುದಿಯಲ್ಲಿ ಸುಮಾರು 36ನೇ ವಾರಕ್ಕೆ ಒಂದು ಸಣ್ಣ ಮೂಳೆಚುಕ್ಕೆ ಮೂಡುತ್ತೆ. ದಿನ ತುಂಬಿದ ಮಗುವಿನ ಎಕ್ಸ್‌ರೇಯಲ್ಲಿ ಅದು ಕಾಣಬೇಕು. ಥೈರಾಯ್ಡ್ ಕೊರತೆ ಇರುವ ಮಗುವಿನಲ್ಲಿ ಆ ಚುಕ್ಕೆ ಇಲ್ಲದಿದ್ದರೆ, ಕೊರತೆ ಹುಟ್ಟುವ ಎಷ್ಟೋ ಮುಂಚೆಯೇ ಶುರುವಾಗಿತ್ತು ಅಂತ ವೈದ್ಯರಿಗೆ ಗೊತ್ತಾಗುತ್ತೆ. ಇಂಥ ಕೆಲವು ಮಕ್ಕಳಲ್ಲಿ ತಲೆಯ ಹಿಂದಿನ ನೆತ್ತಿಸುಳಿ ಅಗಲವಾಗಿರುತ್ತೆ. ಕೆಲವರು 42 ವಾರ ದಾಟಿ ಹುಟ್ಟಿರ್ತಾರೆ. ಅಂದರೆ ಕ್ಯಾಲೆಂಡರ್ ಪ್ರಕಾರ ದಿನ ಮೀರಿದ ಮಗು, ಮೂಳೆಯ ಪ್ರಕಾರ ಇನ್ನೂ ದಿನ ತುಂಬದ ಮಗು.

ಎನ್‌ಐಸಿಯುನಿಂದ ಮಗುವನ್ನು ಮನೆಗೆ ಕರೆದುಕೊಂಡು ಬರುವ ದಿನ ತಲೆಯಲ್ಲಿ ನೂರು ವಿಷಯ ಇರುತ್ತೆ. ಆದರೂ ಡಿಸ್ಚಾರ್ಜ್ ಹಾಳೆಯಲ್ಲಿ ಈ ನಾಲ್ಕು ಇವೆಯಾ ಅಂತ ನೋಡಿ: ಎಷ್ಟು ವಾರಕ್ಕೆ ಹುಟ್ಟಿದ್ದು, ಥೈರಾಯ್ಡ್‌ಗೆ ರಕ್ತ ತೆಗೆದ ದಿನ, ಬಂದ ಸಂಖ್ಯೆಗಳು, ಮತ್ತೆ ತೆಗೆಯಬೇಕಾದ ದಿನ. ನಾಲ್ಕನೆಯದು ಖಾಲಿ ಇದ್ದರೆ ಅಲ್ಲೇ ನಿಂತು ಕೇಳಿ ಬರೆಸಿಕೊಳ್ಳಿ. ಆ 27 ವಾರದ ಮಗುವಿನ ಟಿಎಸ್‌ಎಚ್ 4 ಸರಿಯಾ ತಪ್ಪಾ ಅಂತ ಹೇಳೋದು ಆ ನಾಲ್ಕನೆಯ ಸಾಲಿನ ದಿನ ತೆಗೆಯುವ ರಕ್ತ.